ಪತ್ರ ತರುವ ಅಂಗರನಿಗೆ

ಬಲ್ಮಠದ ಗುಡ್ಡೆಯ ಮೇಲೆ, ಕಿಟಕಿ ತೆರೆಯಬಾರದ ಕೋಣೆಯಲ್ಲಿ
ನೆಲ್ಲಿಮಾರು ಗುತ್ತಿನ ಆರು ತಲೆಮಾರು
ಹನ್ನೊಂದು ಬಿಸ್ಕತ್ತಿನ ಡಬ್ಬಿಗಳಲ್ಲಿ ಬಂದಿಳಿದಿದೆ.
ನನ್ನ ಕೆಲಸ ಗಂಜಿ ಕಾಯಿಸುವುದು.
ಅಂಟಿಗೆ.
ಹರಿದಲ್ಲಿ ತೆಳುಕಾಗದ ಕೂರಿಸಿ, ಬೆರಳ ತುದಿಯಿಂದ ಒತ್ತಿ,
ಒಣಗುವ ತನಕ ಫ್ಯಾನು ಹಾಕದಿರುವುದು.

ಮೊದಲು ಓಲೆಗರಿ, ಆಮೇಲೆ ಒರಟು ಕಾಗದ,
ಕಾರ್ಡು, ಇನ್‌ಲ್ಯಾಂಡು, ಕೊನೆಗೆ ವಕೀಲರ ನೋಟೀಸು.
ಬರೆದವರೆಲ್ಲ ಮಾವಂದಿರು, ಓದಿದವರೆಲ್ಲ ಅಳಿಯಂದಿರು.
ಇತ್ತ ಕ್ಷೇಮ, ಅತ್ತಣ ಕ್ಷೇಮಕ್ಕೆ ಬರೆಯತಕ್ಕದ್ದು ಎಂದವರು
ಎರಡನೇ ಸಾಲಿಗೇ ಗೇಣಿಗೆ ಇಳಿಯುತ್ತಾರೆ:
ಬಾಕಿ ಎಷ್ಟು ಮುಡಿ, ಕಂಬಳದ ಕೋಣಕ್ಕೆ ಹುರುಳಿ ಎಷ್ಟು,
ತಂಗಿ ಸಿಂಧುವಿಗೆ ಮತ್ತೆ ಹೆಣ್ಣಾಯಿತು, ಸಂತೋಷ.
ಸಂತೋಷ ನಿಜವೇ. ಮನೆ ಹೆಣ್ಣಿನದು.

ಒಂದೇ ಒಂದರಲ್ಲಿ ಅಪ್ಪನೊಬ್ಬ ಮಗನಿಗೆ ಬರೆದಿದ್ದಾನೆ.
ಚಪ್ಪಲಿ ಹೊಲಿಸುತ್ತೇನೆ, ಕಾಗದದ ಮೇಲೆ ಕಾಲಿಟ್ಟು
ಸುತ್ತ ಗೆರೆ ಎಳೆದು ಕಳಿಸು ಎಂದು.
ಕೆಳಗೆ ರುಜು: ನಿನ್ನ ತಾಯಿಯ ಗಂಡ, ಕಾಂತಪ್ಪ ಆಳ್ವ.
ಕಾಲಿನ ಗೆರೆ ಯಾವ ಡಬ್ಬಿಯಲ್ಲೂ ಸಿಗಲಿಲ್ಲ.
ಹುಡುಕಿದೆ, ಕೆಲಸ ಅಲ್ಲದಿದ್ದರೂ.

ಏಳನೇ ಡಬ್ಬಿ. ಆಟಿ ತಿಂಗಳು, ಇಸವಿ ಕಾಣುವುದಿಲ್ಲ.
ದೂಮಣ್ಣ ಹೆಗ್ಡೆಯವರ ದುಂಡಕ್ಷರ, ಕೊನೆಯ ಸಾಲು:
'ಪತ್ರ ತರುವ ಅಂಗರನಿಗೆ ಊಟ ಆಗಿ'
ಅಷ್ಟೆ. ಅಲ್ಲಿಂದ ಮುಂದೆ ಒರಲೆ ತಿಂದಿದೆ.
ಒರಲೆಗಂತೂ ಊಟ ಆಗಿದೆ.

'ಆಗಿದೆ ಅಂತಲೇ ಬರ್ಕೊಳ್ಳಿ' ಎಂದರು ಪಿರೇರಾ ಮೇಡಂ,
ಕನ್ನಡಕ ಒರೆಸುತ್ತ. 'ಎಷ್ಟಂದ್ರೂ ದೊಡ್ಡ ಮನೆ.'

ಅಂಗರ ನನ್ನ ಅಜ್ಜಿಯ ಅಜ್ಜ.
ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.
ನಮ್ಮಲ್ಲಿ ಕಾಗದಗಳಿಲ್ಲ, ಅಜ್ಜಿ ಹೇಳಿದ್ದು ಮಾತ್ರ ಇದೆ:
ಗುರುಪುರದ ಕಡವಿನಲ್ಲಿ ದೋಣಿಯವ ಅವನನ್ನು ಹತ್ತಿಸುತ್ತಿರಲಿಲ್ಲ,
ಕಾಗದವನ್ನು ಮುಟ್ಟಾಳೆಯೊಳಗೆ ಸಿಕ್ಕಿಸಿ
ಆಟಿಯ ಕೆಂಪು ನೀರಿನಲ್ಲಿ ಈಜುತ್ತಿದ್ದ, ಕತ್ತು ಎತ್ತಿಕೊಂಡು,
ಮುದಿ ಆಮೆಯ ಹಾಗೆ.
ಅಕ್ಷರ ಬಾರದವನು. ತನ್ನ ಹೊಟ್ಟೆಯ ಸುದ್ದಿಯನ್ನು
ತನ್ನದೇ ನೆತ್ತಿಯ ಮೇಲಿಟ್ಟುಕೊಂಡು ಹೊಳೆ ದಾಟಿದವನು.
'ಊಟ ಆಗಿರ್ಲಿಲ್ಲ ಮಗಾ' ಎನ್ನುತ್ತಿದ್ದಳು ಅಜ್ಜಿ.
ಯಾವ ದಿನದ ಮಾತು ಅಂದರೆ
'ಯಾವ ದಿನ ಆದ್ರೂ' ಎಂದು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಪಟ್ಟಿಯಲ್ಲಿ ಬರೆದವರಿಗೆ ಒಂದು ಕಾಲಂ, ಪಡೆದವರಿಗೆ ಒಂದು,
ವಿಷಯ, ಸ್ಥಿತಿ, ಅಳತೆ.
ಸ್ಥಿತಿ: ಕೊನೆಯ ಸಾಲು ಅಪೂರ್ಣ, ಎಂದು ಬರೆದೆ.
ತೂತಿನೊಳಗೆ ಅಕ್ಷರ ತುಂಬಬಾರದು, ಅದು ನಿಯಮ.
ಬಿಳಿ ಚೂರೊಂದನ್ನು ಅದರ ಆಕಾರಕ್ಕೆ ಹರಿದೆ.

ಒಲೆಯ ಮೇಲೆ ಗಂಜಿ ಹದಕ್ಕೆ ಬಂದಿತ್ತು.
ಕುಚ್ಚಲಕ್ಕಿಯದಲ್ಲ, ಬಿಳಿ ಹಿಟ್ಟಿನದು, ಉಪ್ಪಿಲ್ಲದ್ದು.
ಆದರೂ ವಾಸನೆ ಅದೇ.
ಕುಂಚ ಅದ್ದಿದೆ.