ಜೇಬು ಬರಿದು ಮಾಡುವಾಗ

(ಚಿಯಾತುರಾ, ಜಾರ್ಜಿಯಾ)

ಮೂವತ್ತೊಂದು ವರ್ಷ ತೊಟ್ಟ ನೀಲಿ ಏಪ್ರನ್ನು.
ಇವತ್ತು ಅದರ ಜೇಬು ಮೇಜಿನ ಮೇಲೆ ಕೊಡವಿದೆ:
ಸೀಮೆಸುಣ್ಣದ ಮೋಟು, ಯಾರದೋ ಕೋಟಿನ ಗುಂಡಿ,
ಅಕ್ರೋಟಿನ ಅರ್ಧ ಚಿಪ್ಪು, ನಿನ್ನೆಯವರೆಗೂ ದೋಣಿ,
ಮತ್ತೆ ಕಾಗದದಲ್ಲಿ ಸುತ್ತಿದ ಒಂದು ಹಾಲುಹಲ್ಲು.
ಯಾರದ್ದು ಅಂತ ಕೇಳಿದೆ.
ಎಲ್ಲರೂ ಬಾಯಿ ತೆರೆದು ತೋರಿಸಿದರು.

ತಾಯಂದಿರೇ, ತಂದೆಯರೇ,
ಗುಲಾಬಿ ಸಾಕು, ಬಕೆಟ್ಟು ತುಂಬಿದೆ.
ಗೋಡೆಗಾತು ನಿಂತವರು ಕೂತುಕೊಳ್ಳಿ.
ಕುರ್ಚಿ ಗಿಡ್ಡ, ಮೊಣಕಾಲು ಗದ್ದಕ್ಕೆ ಬರುತ್ತೆ, ಬರಲಿ,
ಆ ಎತ್ತರದಿಂದ ಒಮ್ಮೆ ಈ ಕೋಣೆ ನೋಡಿ.
ಕಿಟಕಿಯ ತುಂಬ ಬರೀ ಆಕಾಶ ಅಂತ
ನನಗೆ ತಿಳಿದದ್ದು ಹಾಗೆ ಕೂತಾಗಲೇ.

ಜಾಜಾ, ನೀನು ಬಾಗಿಲಲ್ಲೇ ಯಾಕೆ?
ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದೀಯ,
ಉಗುರ ಸಂದಿಯ ಗಣಿಯ ಕಪ್ಪು ಹೇಳುತ್ತೆ.
ಚಳಿಗಾಲದಲ್ಲಿ ಅಂದಿದ್ದೆ: "ನನಗೇ ನಾಲ್ಕಕ್ಷರ ನೆಟ್ಟಗೆ ಬರೋಲ್ಲ,
ಮಗಳಿಗೇನು ಹೇಳಿಕೊಡಲಿ ಟೀಚರ್?"
ನಾನಾಗ ಸುಮ್ಮನಿದ್ದೆ. ಉತ್ತರ ಹೊಳೆದದ್ದು
ಮನೆಯಲ್ಲಿ ಕಿಟಕಿ ಒರೆಸುವಾಗ.
ನಮ್ಮೂರಲ್ಲಿ ಧೂಳಿಗೆ ಬರವೇ?
ಸಂಜೆಗೆ ಗಾಜಿನ ಮೇಲೆ ಪದರ, ಹಲಗೆಗಿಂತ ನಯ.
ಒಂದು ಗಳಿಗೆ ತಡೆದು ಒರೆಸು.
ಗ್ವಾಂತ್ಸಾಳ ಬೆರಳು ಹಿಡಿ. ಅಲ್ಲ,
ಅವಳು ನಿನ್ನ ಬೆರಳು ಹಿಡಿಯಲಿ.
'ಆನಿ' ಬರೆಯಿರಿ, 'ಬಾನಿ' ಬರೆಯಿರಿ,
ತಪ್ಪಾದರೆ ನಾಳೆ ಮತ್ತೆ ಧೂಳು ಕೂರುತ್ತೆ.
ಜೊತೆಗೆ ನಿನಗೂ ಬಂದೀತು.
ಅದನ್ನು ಯಾರಿಗೂ ಹೇಳಬೇಕಿಲ್ಲ.

ಉಳಿದವರೂ ಕೇಳಿ.
ಹುರುಳಿಕಾಯಿಯ ಒಣಸಿಪ್ಪೆ ಸುಲಿಯುವಾಗ
ಕೂಸನ್ನು ಆಚೆ ಅಟ್ಟಬೇಡಿ, ಎರಡು ಬಟ್ಟಲು ಕೊಡಿ:
ಕೆಂಪು ಕಾಳು ಇಲ್ಲಿಗೆ, ಚುಕ್ಕೆ ಕಾಳು ಅಲ್ಲಿಗೆ.
ಹಿಟ್ಟು ನಾದುವಾಗ ನಿಂಬೆಯಷ್ಟು ಕಿತ್ತುಕೊಡಿ,
ಹತ್ತು ಸಲ ಹಿಚುಕಿ ಬೂದಿಬಣ್ಣಕ್ಕೆ ತಿರುಗಿದ ರೊಟ್ಟಿಯೂ ರೊಟ್ಟಿಯೇ.
ಅಕ್ರೋಟು ದಾರಕ್ಕೆ ಪೋಣಿಸುತ್ತ ಲೆಕ್ಕ ತಪ್ಪಿದರೆ
ತಿದ್ದುವ ಬದಲು ಒಂದನ್ನು ಕದ್ದು ತಿಂದು
"ಈಗೆಷ್ಟು?" ಅನ್ನಿ.
ಕಥೆಗೆ ಪುಸ್ತಕವಿಲ್ಲದಿದ್ದರೆ ಅಜ್ಜಿಯಿದ್ದಾಳೆ.
ಅಜ್ಜಿಗೆ ಮರೆವಾದರೆ ಇನ್ನೂ ಒಳ್ಳೆಯದು,
ಮಗು ನೆನಪಿಸುತ್ತೆ.
ಕೇಬಲ್ ಕಾರಿನಲ್ಲಿ ಫೋನು ಕೈಗಿಡಬೇಡಿ.
ಕೆಳಗೆ ನದಿ ಯಾಕಿವತ್ತು ಕಪ್ಪು ಅಂತ ಕೇಳಲಿ.
ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.
ಆ ಒಂದು ಮಾತು ಕಲಿಯಲು
ನನಗೆ ಹನ್ನೊಂದು ವರ್ಷ ಹಿಡಿಯಿತು.

ಇನ್ನೊಂದು, ಇದು ನನ್ನ ಸಾಲ.
ಬಿದ್ಜಿನಾ ಅಂತೊಬ್ಬ ಹುಡುಗ, ಬಣ್ಣಗಳ ಹೆಸರೇ ಬರೋಲ್ಲ.
ಮಂದ ಅಂದುಕೊಂಡು ಮೂಲೆಯಲ್ಲಿ ಕೂರಿಸಿದ್ದೆ, ಒಂದು ಇಡೀ ವಸಂತ.
ಮನೆಯಲ್ಲಿ ತಾತನ ಜೊತೆ ಅವನು
ತುಕ್ಕು ಹಿಡಿದ ಬೋಲ್ಟುಗಳನ್ನು ಸದ್ದಿನಿಂದ ಗುರುತಿಸುತ್ತಿದ್ದನಂತೆ.
ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.
ದಯವಿಟ್ಟು, ಹೊಸ ಟೀಚರಿಗೆ ಹೇಳಿ.

ಇಷ್ಟೇ. ಮಕ್ಕಳ ಕಡೆ ತಿರುಗಿ ಕೈಬೀಸಿದೆ.
ಯಾರೂ ಅಳಲಿಲ್ಲ, ಕೇಕಿತ್ತು.
ಬಾಚಾನಾ ಮಾತ್ರ ಬಾಗಿಲವರೆಗೆ ಓಡಿಬಂದ:
"ತ್ಸಿಯಾಲಾ ಟೀಚರ್, ಕೆಂಪು ಬಣ್ಣ ಮುಗಿದಿದೆ, ನಾಳೆ ತನ್ನಿ."
ಹೂಂ ಅಂದೆ.

ಸಂಜೆ ನಿಲ್ದಾಣದಲ್ಲಿ ಬಿದ್ಜಿನಾ ಎಂದಿನಂತೆ
ನನ್ನ ಡಬ್ಬಿಯ ಬಾಗಿಲೆಳೆದು, ಹಗ್ಗಕ್ಕೆ ಕಿವಿಗೊಟ್ಟು,
ಸರಿಯಿದೆ ಅಂತ ತಲೆಯಾಡಿಸಿ ಸನ್ನೆಕೋಲು ಒತ್ತಿದ.
ಊರು ಕೆಳಗಾಯಿತು. ಜೇಬಿಗೆ ಕೈಹಾಕಿದೆ.
ಹಲ್ಲು ಇನ್ನೂ ಅಲ್ಲೇ ಇತ್ತು.