ಬೆರಳೆಣಿಕೆ

ಗುಮಿ ಊರಿನ ಕಾರ್ಖಾನೆ, ಏಳನೇ ಮಹಡಿ.
ಕಿಟಕಿಯಾಚೆ ನಕ್ತೊಂಗ್ ನದಿ, ದಡದಲ್ಲಷ್ಟೇ ಹೆಪ್ಪುಗಟ್ಟಿದೆ.
ಗೋಡೆಗೆ ನಲವತ್ತೊಂದು ಹಳದಿ ಚೀಟಿ,
ಹನ್ನೆರಡಕ್ಕೆ ಮಾತ್ರ ಜಾಗ.
ನಾನು ನಡಾವಳಿ ಬರೆಯುವವಳು.
ನನಗೆ ಮತವಿಲ್ಲ, ಪೆನ್ನಿದೆ.

ಮುಖ್ಯಸ್ಥ ಪ್ಯೊ ಗಿ-ಹ್ವಾನ್ ಬಾರ್ಲಿ ಚಹಾ ಊದುತ್ತ ಕೇಳುತ್ತಾರೆ:
ಅಂಗಡಿಯಲ್ಲಿ ಹತ್ತು ಸೆಕೆಂಡಿಗೆ ತೋರಿಸಬಲ್ಲದ್ದು ಯಾವುದು?
ಫೋಟೋದಿಂದ ಬೇಡದವರನ್ನು ಅಳಿಸುವುದು. ಸರಿ, ಒಳಗೆ.
ಎದುರಾಳಿ ಕಂಪನಿ ಆಗಲೇ ಕೊಟ್ಟಿದ್ದು,
ಯಾರೂ ಕೇಳಿಲ್ಲ, ಆದರೂ ಒಳಗೆ.
ಬ್ಯಾಟರಿ ಇನ್ನೆರಡು ತಾಸು ಬಾಳುವುದು?
ಅದು ಮುಂದಿನ ಮಾದರಿಗಿರಲಿ;
ಹಳೆಯದೇ ಚೆನ್ನಾಗಿದ್ದರೆ ಹೊಸದನ್ನು ಕೊಳ್ಳುವವರ್ಯಾರು?
ಇದನ್ನು ಬರೆದುಕೊಳ್ಳಬೇಡಮ್ಮ, ಎಂದರು.
ಅಲ್ಲಿ ಬರೆಯಲಿಲ್ಲ.

ಊಟವಾದ ಮೇಲೆ ತೆಗೆದುಹಾಕುವವುಗಳ ಸರದಿ.
ಮೂರು ಬೆರಳು ತಟ್ಟಿದರೆ
ಅಕ್ಷರ ಅಂಗೈಯಗಲ ಆಗುವ ಹಳೇ ಸೌಲಭ್ಯ.
ಎಷ್ಟು ಜನ ಬಳಸುತ್ತಾರೆ?
ಸಾವಿರಕ್ಕೆ ಮೂವರು ಸರ್. ಬೆರಳೆಣಿಕೆ.

ಪರೀಕ್ಷಾ ವಿಭಾಗದ ನಾಮ್‌ಗುಂಗ್ ಸೊಲ್
ಅದುವರೆಗೆ ತುಟಿ ಬಿಚ್ಚಿರಲಿಲ್ಲ.
ಮೇಜಿಗೆ ಮೂರು ಬೆರಳು ತಟ್ಟಿದಳು,
ಬಾಗಿಲು ಬಡಿದ ಹಾಗೆ.
ತೊಂಗ್ಯೊಂಗ್ ಬಂದರಿನ ಕಡೆ ಒಂದು ಯಂತ್ರವಿದೆ, ಎಂದಳು,
ದಿನಾ ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ ಮೂರು ತಟ್ಟು,
ನಲವತ್ತು ಸೆಕೆಂಡು ಬೆಳಕು, ಆಮೇಲೆ ಕತ್ತಲೆ.
ಯಾರೆಂದು ಗೊತ್ತಿಲ್ಲ, ಗೊತ್ತಾಗಲೂಬಾರದು.
ಉಬ್ಬರವಿಳಿತದ ಹೊತ್ತು ನೋಡುತ್ತಾರೋ,
ಸಿಂಪಿ ಬಿಡಿಸುವ ಪಾಳಿಯೋ,
ಸತ್ತವರ ಹಳೇ ಸಂದೇಶವೋ.

ಯಾರೋ ಕೆಮ್ಮಿದರು. ಚಹಾ ಆರಿತು.
ನಾನು ಅಂದುಕೊಂಡೆ: ಈಗ ಇವರ ಮನಸ್ಸು ಕರಗುತ್ತದೆ.
ಪ್ಯೊ ಕೇಳಿದ್ದು ಇಷ್ಟೇ:
ತೆಗೆದರೆ ಮತ್ತೆ ಪರೀಕ್ಷೆಗೆಷ್ಟು ದಿನ?
ಹದಿನೇಳು.
ಬಿಡುಗಡೆಗೆ?
ಒಂಬತ್ತು.
ಹಾಗಾದರೆ ಬಿದ್ದಿರಲಿ ಬಿಡಿ.

ಹೀಗೆ ಉಳಿಯಿತು,
ಮೂಲೆಯ ಹಳೇ ಕೊಡೆ ಉಳಿಯುವಂತೆ,
ಎಸೆಯಲು ಯಾರಿಗೂ ಪುರುಸೊತ್ತಿಲ್ಲದೆ.
ಹೊಸತೇನಿದೆ ಎಂಬ ಪಟ್ಟಿಯಲ್ಲಿ ಹನ್ನೆರಡು ಸಾಲು.
ಉಳಿದದ್ದರ ಪಟ್ಟಿ ಮಾಡುವ ರೂಢಿ ನಮ್ಮಲ್ಲಿಲ್ಲ.

ಬಿಡುಗಡೆಯ ಮಾರನೇ ದಿನ ಸೊಲ್ ನನ್ನನ್ನು ಕರೆದು ತೋರಿಸಿದಳು.
ನಾಲ್ಕೂ ಹತ್ತು: ಏನೂ ಇಲ್ಲ.
ನಾಲ್ಕೂ ಇಪ್ಪತ್ತು: ಇಲ್ಲ.
ನಾಲ್ಕೂ ಮೂವತ್ತೊಂದಕ್ಕೆ ಮೂರು ತಟ್ಟು.
ನಮ್ಮ ಹನ್ನೆರಡು ಹೊಸತು ಒಳಗಿಳಿಯುವ ತನಕ
ಅವರು ಕಾದಿದ್ದರು,
ಕೈಯಲ್ಲಿ ಕಪ್ಪು ಗಾಜು ಹಿಡಿದು.
ಅಂದು ಬೆಳಕು ನಲವತ್ತು ಸೆಕೆಂಡು ಇರಲಿಲ್ಲ.
ಹನ್ನೊಂದೇ.
ಹೊತ್ತಾಗಿತ್ತೇನೋ.