ಅಡಕಲು

ತಾಳವಾಡಿಯ ನಮ್ಮ ಶಾಲೆಗೆ ಕಂಪ್ಯೂಟರು ಒಂದೇ,
ಅದೂ ಸತ್ಯಮಂಗಲದ ಯಾವುದೋ ಬ್ಯಾಂಕು ಕೈಬಿಟ್ಟಿದ್ದು.
ಕೀಲಿಮಣೆಯಲ್ಲಿ ಐದರ ಗುಂಡಿ ಉದುರಿದೆ;
ಐದು ಬೇಕಾದರೆ ನಾಲ್ಕಕ್ಕೆ ಒಂದು ಕೂಡಿಸುತ್ತೇವೆ.

ಸಮ ಚಿಹ್ನೆ ಒತ್ತಿ, ಪವರ್ ಎಂದು ಬರೆದು,
ಕಂಸದೊಳಗೆ ಮೂರು, ಅಲ್ಪವಿರಾಮ, ಮತ್ತೆ ಮೂರು:
ಇಪ್ಪತ್ತೇಳು.
ದಿಂಬಂ ಘಾಟಿಯ ತಿರುವುಗಳ ಲೆಕ್ಕ, ಅಂದೆ.
ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ತಪ್ಪದೆ ವಾಂತಿ ಮಾಡುವ
ಮೂವರು ತಲೆಯಾಡಿಸಿದರು.

‘ಪವರು ಅಂದ್ರ ಕರೆಂಟಲ್ವಾ ಸಾ?’ ಶಿವಮಲ್ಲಿ ಕೇಳಿದಳು.
‘ನಮ್ಮಜ್ಜಿ ಕನ್ನಡಕದಲ್ಲೂ ಪವರದೆ.’
ಅಲ್ಲ ಕೂಸೆ, ಇದು ಘಾತ, ಅಂದುಬಿಟ್ಟು
ನನಗೇ ಕಸಿವಿಸಿ.
ಘಾತ ಎಂದರೆ ಏಟು, ನಂಬಿದವರು ಕೊಟ್ಟದ್ದು.
ಒಂದಂಕಿಯ ತಲೆಮೇಲೆ ಇನ್ನೊಂದು ಬಂದು ಕೂತದ್ದಕ್ಕೆ
ಅಷ್ಟು ದೊಡ್ಡ ಆಪಾದನೆ ಏಕೋ!

ಗೋಡೆಯ ಮೇಲಿನ ತಮಿಳು ಪಟದಲ್ಲಿ ಅದೇ ಲೆಕ್ಕಕ್ಕೆ
ಅಡುಕ್ಕು ಎಂದಿತ್ತು.
ಏಳು ವರ್ಷ ಅದರ ಕೆಳಗೇ ಕುರ್ಚಿ ಹಾಕಿ ಕೂತಿದ್ದೇನೆ.
ಅಡುಕ್ಕು. ನಮ್ಮ ಅಡಕಲು.
ಮನೆಯ ಮೂಲೆಯಲ್ಲಿ ಸಿಂಬಿಯ ಮೇಲೆ ರಾಗಿಯ ಗುಡಾಣ,
ಅದರ ಮೇಲೆ ಹುರುಳಿಯದು, ಅದರ ಮೇಲೆ
ಉಪ್ಪಿನ ಪುಟ್ಟ ಕುಡಿಕೆ,
ಎರಡರ ಹೆಗಲೇರಿದ ಮರಿ ಮೂರರ ಹಾಗೆ.
ಕನ್ನಡ ಮೇಷ್ಟ್ರಿಗೆ ಕನ್ನಡದ ಪಾತ್ರೆಯನ್ನು
ತಮಿಳು ಎತ್ತಿ ಕೊಟ್ಟಿತು.
ನಾಚಿಕೆಯಾಯಿತು, ಖುಷಿಯೂ.

ಸರಿ, ನಿಮ್ಮ ಹಿಂದಿನವರನ್ನು ಎಣಿಸಿ ಎಂದೆ.
ಅಪ್ಪ ಅವ್ವ, ಎರಡು. ಅವರ ಅಪ್ಪ ಅವ್ವಂದಿರು, ನಾಲ್ಕು.
ಅಡಿಯಲ್ಲಿ ಸದಾ ಎರಡೇ ಇರಲಿ,
ಮೇಲಿನ ಕುಡಿಕೆ ಬದಲಿಸುತ್ತ ಹೋಗಿ.
ಒಬ್ಬ ಕಿಲಾಡಿ ಮೇಲೆ ಸೊನ್ನೆ ಇಟ್ಟ. ಒಂದು ಬಂತು.
‘ಯಾರೂ ಇಲ್ದಾಗ ಸೊನ್ನೆ ತಾನೆ ಬರ್ಬೇಕು ಸಾ?’
ಎಣಿಸೋಕೆ ನೀನು ಇದ್ದೀಯಲ್ಲ,
ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿಲ್ಲ, ಅಷ್ಟೆ.
ಅವನು ತನ್ನ ಎದೆ ಮುಟ್ಟಿ ನೋಡಿಕೊಂಡ.

ಇನ್ನೊಬ್ಬಳು ಇಪ್ಪತ್ತು ಇಟ್ಟಳು.
ಮನೆಯ ತುಂಬ ಅಡ್ಡಗೆರೆ ಉದ್ದಗೆರೆ, ಸಾಲು ಸಾಲು.
‘ಆನೆ ಬರ್ದಂಗೆ ಬೇಲಿ ಹಾಕವ್ರೆ ಸಾ!’
ಬೇಲಿ ಅಲ್ಲ ಕಣೆ, ಜನ ಹಿಡಿಸುತ್ತಿಲ್ಲ.
ಎರಡು ಕಂಬಸಾಲಿನ ನಡುವಿನ ಗೆರೆಗೆ ಬಾಣ ತಂದು
ಹಿಡಿದು ಎಳೆ, ಹಾಂ, ಬಲಕ್ಕೆ.
ಗೆರೆ ಸರಿಯಿತು. ಬೇಲಿ ಮಾಯ.
ಹತ್ತು ಲಕ್ಷದ ನಲವತ್ತೆಂಟು ಸಾವಿರದ
ಐನೂರ ಎಪ್ಪತ್ತಾರು ಜನ ಎದ್ದು ನಿಂತರು.
ಗೆರೆ ಎಳೆದರೆ ಇಷ್ಟು ಸಲೀಸಾಗಿ ಸರಿಯುತ್ತದೆಂದು
ಈ ಊರಲ್ಲಿ ಯಾರಿಗೂ ಹೇಳಬೇಡಿ, ಅಂದುಕೊಂಡೆ,
ಬಾಯಿ ಬಿಟ್ಟು ಅನ್ನಲಿಲ್ಲ.

ಶಿವಮಲ್ಲಿ ಮಾತ್ರ ಬೆರಳು ಮಡಿಸುತ್ತ ಕೂತಿದ್ದಳು.
‘ಪವರು ತಪ್ಪು ಸಾ.
ಮುತ್ತಜ್ಜ ಮುತ್ತಜ್ಜಿ ಎಂಟು ಅಂತದೆ. ನಮಗೆ ಆರೇ.’
ಹೆಸರು ಮರೆತಿರಬೇಕು, ಇನ್ನೊಮ್ಮೆ ನೋಡು.
‘ನಮ್ಮಪ್ಪ ತಂದಿರದು ಸೋದರಮಾವನ ಮಗಳನ್ನೇ.
ಅಪ್ಪನವ್ವ, ಅವ್ವನಪ್ಪ, ಒಂದೇ ಹೊಟ್ಟೇಲಿ ಹುಟ್ಟಿದೋರು.
ಕುನ್ನಮ್ಮ, ಕೆಂಚಬಸಪ್ಪ, ಎರಡು ಕಡಿಂದಲೂ ಅವ್ರೇ ಬತ್ತರೆ.’

ಏನು ಹೇಳಲಿ?
ಸೂತ್ರಕ್ಕೆ ನೆಂಟಸ್ತನ ತಿಳಿಯದು.
ಅದು ಎರಡನ್ನು ಎರಡರಿಂದ ಗುಣಿಸುತ್ತದೆ,
ತಾಳಿ ಕಟ್ಟಿದ್ದು ಯಾರಿಗೆ ಎಂದು ಕೇಳದು.
ಹಾಗಾದರೆ ಆ ಹತ್ತು ಲಕ್ಷದಲ್ಲಿ
ಒಬ್ಬಳೇ ಮುದುಕಿ ಎಷ್ಟು ಬಾಗಿಲಿಂದ ಒಳಬಂದಳೋ!

ಅಷ್ಟರಲ್ಲಿ ಪವರು ಹೋಯಿತು,
ಶಿವಮಲ್ಲಿ ಹೇಳಿದ ಪವರು.
ಉಳಿಸಿಕೊಂಡಿರಲಿಲ್ಲ, ಎಲ್ಲ ಅಳಿಸಿತು.
ಕತ್ತಲಾದ ಪರದೆಯಲ್ಲಿ ನಮ್ಮವೇ ಮುಖ.

ಮರುದಿನ ಅವಳು ನೋಟುಬುಕ್ಕಿನ ಹಾಳೆ ತಂದಳು.
ಎಂಟು ಮನೆ ಗೀಚಿ, ಎಂಟರಲ್ಲೂ ಹೆಸರು;
ಎರಡು ಹೆಸರು ಎರಡೆರಡು ಸಲ,
ಕುನ್ನಮ್ಮನದು ಮಾತ್ರ
ಎರಡನೆಯ ಸಲ ಇನ್ನೂ ಒತ್ತಿ ಬರೆದದ್ದು.